ಆರೆಂಜ್ ಚಿಕನ್ನಿಗೆ ಬಲಿಯಾದ ಮೂಗು

ಈ ಸಲ ಶ್ರಾವಣ ಮುಗಿಯುವವರೆಗೆ ನಾನು ಮಾಂಸ ಮುಟ್ಟುವವನಲ್ಲ! ಹೀಗೆಂದು ಹೆಂಡತಿ ಜಯಶೀಲಾಳ ಮುಂದೆ ಮಾತ್ರ ಘೋಷಿಸಿದ್ದರೆ ಹೇಗೋ ದಕ್ಕಿಸಿಕೊಳ್ಳಬಹುದಿತ್ತು. ಆದರೆ ಮೈಸೂರಿನಿಂದ ಅತ್ತೆ ಶಕುಂತಲಮ್ಮನವರು ವೀಡಿಯೊ ಕಾಲ್‌ನಲ್ಲಿ ಇದ್ದಾಗಲೇ ಎದೆಯುಬ್ಬಿಸಿ ಘೋಷಿಸಿಬಿಟ್ಟೆ. ಅತ್ತೆ ಕಣ್ಣೊರೆಸಿಕೊಂಡರು.

"ನೋಡೇ ಜಯಾ, ಐರ್ಲೆಂಡಿಗೆ ಹೋದ್ರೂ ಅಳಿಯಂದ್ರು ಆಚಾರ ಬಿಟ್ಟಿಲ್ಲ!"

"ನೋಡೋಣ ಬಿಡಮ್ಮ" ಎಂದಳು ಜಯಾ. ಆ 'ನೋಡೋಣ' ನನಗೆ ಚುರುಕ್ಕೆಂದಿತು.

ನಾವಿರುವುದು ಐರ್ಲೆಂಡಿನ ಅತ್ಲೋನ್ ಎಂಬ ಊರಿನಲ್ಲಿ. ಅದು ಕೊರೊನಾದ ಮೊದಲ ಬೇಸಿಗೆ. ನಮ್ಮ ಬೀದಿಯ ಕೊನೆಯಲ್ಲಿ ಡೆಕ್ಲನ್‌ನ ಪಬ್ಬು. ಅಲ್ಲಿ ಅವನಪ್ಪನ ಕಾಲದಿಂದಲೂ ಒಲೆ ಹಚ್ಚಿದವರಿಲ್ಲ. ಹಸಿವು ಎಂದರೆ ಒಂದು ಚಿಪ್ಸ್ ಪೊಟ್ಟಣ ಎಸೆಯುತ್ತಿದ್ದರು. ಈಗ ಸರ್ಕಾರ ಹೊಸ ನಿಯಮ ತಂದಿತ್ತು: ಪಬ್ಬಿಗೆ ಬಂದವನು ಹೊಟ್ಟೆ ತುಂಬ ಉಣ್ಣಲೇಬೇಕು, ಆಮೇಲೇ ಕುಡಿತ. ಅಂದರೆ ಬರೀ ಬಿಯರ್ ಕುಡಿದವನನ್ನು ಕೊರೊನಾ ಹಿಡಿದುಕೊಳ್ಳುತ್ತದೆ, ಊಟದ ಜೊತೆ ಕುಡಿದವನಿಗೆ ಕೈಮುಗಿದು ಮುಂದೆ ಹೋಗುತ್ತದೆ! ಇಂಥ ವೈರಾಣುವಿಗೆ ನಮ್ಮೂರಲ್ಲಾಗಿದ್ದರೆ ಸನ್ಮಾನ ಮಾಡಿ ಶಾಲು ಹೊದಿಸುತ್ತಿದ್ದರು.

ಡೆಕ್ಲನ್ ತನ್ನ ತಮ್ಮ ಫಿಂಟನ್‌ನನ್ನು ಒಲೆಯ ಮುಂದೆ ನಿಲ್ಲಿಸಿದ. ಫಿಂಟನ್ ಬಾಸ್ಟನ್ನಿನ ಬಾರೊಂದರಲ್ಲಿ ಬಹಳ ವರ್ಷ ಅಡುಗೆ ಮಾಡಿಕೊಂಡಿದ್ದು, ಕೊರೊನಾದಲ್ಲಿ ಕೆಲಸ ಹೋಗಿ ಊರಿಗೆ ಬಂದವನು. ಅವನಿಗೆ ಬರುತ್ತಿದ್ದುದು ಅಮೆರಿಕದ ಚೀನೀ ಅಡುಗೆ ಮಾತ್ರ. ಚೀನಾದವರು ಅದನ್ನು ಅಮೆರಿಕದ್ದು ಅನ್ನುತ್ತಾರೆ, ಅಮೆರಿಕದವರು ಚೀನಾದ್ದು ಅನ್ನುತ್ತಾರೆ, ಮಾಡುವವನು ಐರಿಷ್! ಒಟ್ಟಿನಲ್ಲಿ ನಮ್ಮ ಗೋಬಿ ಮಂಚೂರಿಗೆ ದೊಡ್ಡಪ್ಪನ ಮಗ.

ಶ್ರಾವಣದ ಕೊನೆಯ ಶನಿವಾರ ಸಂಜೆ "ನದಿ ಕಡೆ ವಾಕ್ ಹೋಗಿ ಬರ್ತೀನಿ" ಎಂದು ಹೊರಟವನು ಪಬ್ಬಿಗೆ ನುಗ್ಗಿದೆ. ತಪ್ಪೇನು? ನಾನು ಬಿಟ್ಟದ್ದು ಮಾಂಸವನ್ನು. ಬಿಯರ್ ಮಾಡುವ ಬಾರ್ಲಿ ಶುದ್ಧ ಸಸ್ಯಾಹಾರ! ತರಕಾರಿ ನೂಡಲ್ಸ್ ಕೊಡಪ್ಪ ಎಂದೆ.

"ನೂಡಲ್ಸ್ ಆರ್ ಗಾನ್, ಚಾಮ್ಸ್" ಎಂದ ಡೆಕ್ಲನ್. ಚಾಮರಾಜ ಎಂಬ ನನ್ನ ಹೆಸರು ಅವನ ಬಾಯಲ್ಲಿ ಅಷ್ಟಕ್ಕೇ ನಿಂತಿತ್ತು. "ಬಟ್ ದಿ ಆರೆಂಜ್ ಚಿಕನ್ ಈಸ್ ಗ್ರ್ಯಾಂಡ್."

"ಬರೀ ಒಂದು ಪೈಂಟ್ ಬಿಯರ್?"

"ನೋ ಡಿನ್ನರ್, ನೋ ಪೈಂಟ್!"

ಕಾನೂನಿಗೆ ತಲೆಬಾಗಿ ಆರ್ಡರ್ ಮಾಡಿದೆ. ಮುಟ್ಟದೆ ಎದ್ದು ಬರೋಣ ಎಂದೇ ಇತ್ತು, ನಿಮ್ಮಾಣೆ! ಆದರೆ ಗರಿಗರಿ ಕೋಳಿ, ಮೇಲೆ ಮಿರಮಿರ ಹೊಳೆಯುವ ಕಿತ್ತಳೆ ಸಾಸು, ಬೆಳ್ಳುಳ್ಳಿಯ ಘಮ. ಅನ್ನಪೂರ್ಣೆಗೆ ಅವಮಾನ ಮಾಡಬಾರದೆಂದು ಒಂದು ತುಂಡು ಬಾಯಿಗಿಟ್ಟೆ. ಆಮೇಲೆ ನೋಡಿದರೆ ತಟ್ಟೆ ತೊಳೆಯುವ ಅಗತ್ಯವೇ ಇರಲಿಲ್ಲ.

ಮನೆಗೆ ಬಂದು ಬಾಗಿಲಲ್ಲೇ ಮಾಸ್ಕ್ ತೆಗೆದೆ. ಜಯಾ ಅದನ್ನು ಒಗೆಯಲು ಕೈಗೆತ್ತಿಕೊಂಡವಳು ನಿಂತಳು.

"ರೀ, ಇದೇನ್ರೀ ವಾಸನೆ? ಬೆಳ್ಳುಳ್ಳಿ, ಕಿತ್ತಳೆ..."

"ವಾಸನೆನಾ? ನಂಗೇನೂ ಬರ್ತಿಲ್ವಲ್ಲ!"

"ಸರಿಯಾಗಿ ಮೂಸಿ ನೋಡಿ."

"ಏನೇನೂ ಇಲ್ಲ ಕಣೇ!"

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದಳು. ಕನ್ನಡ ಅರ್ಥವಾದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಗಳು ಅರ್ಪಿತಾ ಮೆಟ್ಟಿಲ ಮೇಲಿಂದ ಕಿರುಚಿದಳು: "ಮಮ್! ಡ್ಯಾಡ್ ಕಾಂಟ್ ಸ್ಮೆಲ್! ಹಿ ಹ್ಯಾಸ್ ಕೋವಿಡ್!"

ಆ ಕ್ಷಣದಲ್ಲೇ ತಪ್ಪೊಪ್ಪಿಕೊಂಡಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು. ಆದರೆ ಅತ್ತೆಯ ಕಣ್ಣೀರು ನೆನಪಾಗಿ ಬಾಯಿ ಕಟ್ಟಿತು. ನನ್ನನ್ನು ಮೇಲಿನ ಚಿಕ್ಕ ಕೋಣೆಗೆ ಅಟ್ಟಿದರು. ಡಾಕ್ಟರಿಗೆ ಫೋನ್ ಹೋಯಿತು, ಟೆಸ್ಟ್ ನಿಗದಿಯಾಯಿತು. ಆ ನರ್ಸಮ್ಮ ಕಡ್ಡಿಯನ್ನು ಮೂಗಿನೊಳಗೆ ತೂರಿಸಿದ ರಭಸಕ್ಕೆ ನನ್ನ ಏಳು ತಲೆಮಾರಿನ ಸುಳ್ಳುಗಳೆಲ್ಲ ಕಣ್ಣೀರಾಗಿ ಇಳಿದವು.

ಬಾಗಿಲ ಹೊರಗೆ ಜಯಾ ದಿನವೂ ಗಂಜಿ, ಕಷಾಯ ಇಡುತ್ತಿದ್ದಳು.

"ಜಯಾ, ಗಂಜಿಗೆ ಉಪ್ಪೇ ಇಲ್ವಲ್ಲ?"

"ವಾಸನೆ ಗೊತ್ತಾಗದೋರಿಗೆ ಉಪ್ಪು ಹೇಗೆ ಗೊತ್ತಾಯ್ತು?"

ಸಪ್ಪೆ ಗಂಜಿಯನ್ನೇ ಗಟಗಟ ಕುಡಿದೆ. ಅಷ್ಟರಲ್ಲಿ ಅತ್ತೆ ಫೋನಿನಲ್ಲಿ ಬಿಕ್ಕಿ ಬಿಕ್ಕಿ ಅಳುತ್ತಿದ್ದುದು ಗೋಡೆಯಾಚೆಯಿಂದ ಕೇಳಿ ನನಗೆ ನಿಜಕ್ಕೂ ನಾಚಿಕೆಯಾಯಿತು. ಆದರೂ ಬಾಯಿ ಬಿಡಲಿಲ್ಲ.

ರಿಸಲ್ಟ್ ನೆಗೆಟಿವ್ ಬಂತು. ಆದರೂ ಮೂಗು ಸರಿಹೋಗುವವರೆಗೆ ಕೋಣೆ ಬಿಡುವಂತಿಲ್ಲ ಎಂದು ಜಯಾ ಅಪ್ಪಣೆ ಹೊರಡಿಸಿದಳು. ಅಮಾವಾಸ್ಯೆ ಕಳೆದು ಶ್ರಾವಣವೂ ಮುಗಿಯಿತು. ಮರುದಿನ ಮಧ್ಯಾಹ್ನ ಕೆಳಗಿನಿಂದ ಮೆಟ್ಟಿಲು ಹತ್ತಿ ಬಂತು ನೋಡಿ, ಅದೇ ಘಮ! ಜಯಾ ಡೆಕ್ಲನ್‌ನ ಪಬ್ಬಿನಿಂದ ಪಾರ್ಸೆಲ್ ತರಿಸಿದ್ದಳು. ಇನ್ನು ವ್ರತದ ಹಂಗೂ ಇಲ್ಲ! ಬಾಗಿಲು ಒದ್ದುಕೊಂಡು ಓಡಿ ಇಳಿದೆ.

"ಜಯಾ! ಮೂಗು ವಾಪಸ್ ಬಂತು! ಆರೆಂಜ್ ಚಿಕನ್ ವಾಸನೆ ಬರ್ತಿದೆ!"

ಜಯಾ ಶಾಂತವಾಗಿ ಫೋನನ್ನು ನನ್ನತ್ತ ತಿರುಗಿಸಿದಳು. ಪರದೆಯ ತುಂಬ ಅತ್ತೆ, ಎರಡೂ ಕೈ ಮುಗಿದುಕೊಂಡು.

"ತಾಯಿ ಚಾಮುಂಡಿ ಕೈಬಿಡಲಿಲ್ಲ! ಅಳಿಯಂದ್ರ ಮೂಗು ಸರಿಹೋದ್ರೆ ಒಂದು ವರ್ಷ ಅವ್ರು ಮಾಂಸ ಮುಟ್ಟಲ್ಲ ಅಂತ ಹರಕೆ ಹೊತ್ತಿದ್ದೆ!"

"ಅತ್ತೆ! ನನ್ನ ಬಾಯಿಗೆ ನೀವು ಹರಕೆ ಹೊತ್ರೆ ಹೇಗೆ?"

"ಶ್ರಾವಣ ಪೂರ್ತಿ ಬಿಟ್ಟಿದ್ದೋರಿಗೆ ಒಂದು ವರ್ಷ ಏನು ಮಹಾ, ಅಲ್ವಾ?"

ಬಿಟ್ಟಿರಲಿಲ್ಲ ಎಂದು ಹೇಳುವುದು ಹೇಗೆ? ಹೇಳದೆ ಬದುಕುವುದು ಹೇಗೆ? ಫೋನ್ ಇಟ್ಟ ಮೇಲೆ ಜಯಾಳನ್ನು ಕೇಳಿದೆ, "ಇಂಥ ಹರಕೆ ನಿಮ್ಮಮ್ಮನಿಗೆ ಹೊಳೆದದ್ದಾದ್ರೂ ಹೇಗೆ?"

"ನಾನೇ ಹೇಳ್ಕೊಟ್ಟೆ."

"ನೀನಾ!"

"ಆವತ್ತು ಮಾಸ್ಕ್ ತೆಗೆದಾಗ ಅರ್ಧ ಸಾಸು ನಿಮ್ಮ ಮೀಸೇಲೇ ಇತ್ತು ರೀ. ಡಾಕ್ಟ್ರ ಹತ್ರನಾದ್ರೂ ನಿಜ ಹೇಳ್ತೀರೇನೋ ಅಂತ ಕಾದೆ. ಕಡ್ಡಿ ಹಾಕಿಸ್ಕೊಂಡ್ರಿ, ಬಾಯಿ ಬಿಡ್ಲಿಲ್ಲ!"

ನಾನು ಮೀಸೆ ಸವರಿಕೊಂಡೆ. ಅರ್ಪಿತಾ ಆಗಲೇ ಎರಡನೆಯ ತುಂಡಿಗೆ ಕೈ ಹಾಕಿದ್ದಳು. ನನ್ನ ಮುಖ ನೋಡಿ ಜಯಾಳಿಗೂ ಕನಿಕರ ಬಂದಿರಬೇಕು. ಎದ್ದು ಹೋಗಿ ಹಣ್ಣಿನ ಬುಟ್ಟಿಯಿಂದ ಒಂದು ಕಿತ್ತಳೆ ತಂದು ನನ್ನ ಕೈಗಿಟ್ಟಳು.

"ಚಿಕನ್ ನಾವು ನೋಡ್ಕೋತೀವಿ. ನಿಮ್ಮ ಪಾಲಿನ ಆರೆಂಜ್ ನೀವು ತಿನ್ನಿ!"