ಪುಸ್ತಕದ ಸಂಘಕ್ಕೆ ಕ್ಯಾನು ತುಂಬಿಸಿದ್ದು

ಸಂಘ ಎಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಓದಿದ್ದು ಎರಡನೇ ಕ್ಲಾಸು. ಆದರೆ ಬಂಗಾರಪೇಟೆ ಪಕ್ಕದ ನಮ್ಮೂರಿಗೆ ಸೊಸೆಯಾಗಿ ಬಂದಾಗಿನಿಂದ ಹಾಲಿನ ಸಂಘದ ಸದಸ್ಯೆ!

ಆದ್ದರಿಂದ ಯೂನಿವರ್ಸಿಟಿಯಲ್ಲಿ ಎಂ.ಎ. ಓದುತ್ತಿರುವ ಮೊಮ್ಮಗಳು ಲಾವಣ್ಯ ಫೋನು ಮಾಡಿ, "ಅಜ್ಜೀ, ನಾವು ಓದೋರೇ ಸೇರ್ಕೊಂಡು ಇಲ್ಲಿ ಪುಸ್ತಕದಂಗಡಿ ತೆಗ್ದಿದ್ದೀವಿ. ನಿಮ್ ಹಾಲಿನ ಸಂಘದ ಥರಾನೇ ಸಹಕಾರ ಸಂಘ. ಯಜಮಾನ ಅಂತ ಬೇರೆ ಯಾರೂ ಇಲ್ಲ, ಸದಸ್ಯರೇ ಯಜಮಾನರು. ನಾನೇ ಅಧ್ಯಕ್ಷೆ!" ಎಂದಾಗ ನಾನು ಕೂಗಿದ ಕೂಗಿಗೆ ಕೊಟ್ಟಿಗೆಯಲ್ಲಿದ್ದ ಹಸು ಹಗ್ಗ ಕಿತ್ತುಕೊಂಡಿತು. ನಮ್ಮ ವಂಶದಲ್ಲಿ ಅಧ್ಯಕ್ಷರಾದವರೇ ಇಲ್ಲ. ನಮ್ಮ ಯಜಮಾನರು ಒಮ್ಮೆ ಸಂಘದ ಚುನಾವಣೆಗೆ ನಿಂತು ಎರಡು ವೋಟು ಪಡೆದಿದ್ದರು. ಒಂದು ಅವರದೇ. ಇನ್ನೊಂದು ನನ್ನದಲ್ಲ!

"ಸೋಮವಾರ ನಮ್ ಯೂನಿವರ್ಸಿಟಿ ದೊಡ್ಡ ಮೇಡಂ ಅಂಗಡಿ ನೋಡೋಕೆ ಬರ್ತಾರಜ್ಜಿ," ಎಂದಳು ಲಾವಣ್ಯ. "ಈಗಿರೋದು ಮೆಟ್ಟಿಲ ಕೆಳಗಿನ ಗೂಡು. ಅವರು ಮನಸ್ಸು ಮಾಡಿದ್ರೆ ಕ್ಯಾಂಟೀನ್ ಪಕ್ಕದ ದೊಡ್ಡ ರೂಮು ಸಿಗುತ್ತೆ. ಇಲ್ಲಾಂದ್ರೆ ಈ ಗೂಡನ್ನೂ ಖಾಲಿ ಮಾಡಿಸ್ತಾರೆ. ನೀನು ಬಂದು ಆಶೀರ್ವಾದ ಮಾಡು, ಸಾಕು."

'ಸಾಕು' ಎಂಬ ಮಾತು ಮಾತ್ರ ನನ್ನ ಕಿವಿಗೆ ಬೀಳಲಿಲ್ಲ.

ನಾನು ಆಳವಾಗಿ ಯೋಚಿಸಿದೆ. ಹಾಲಿನ ಸಂಘಕ್ಕೆ ಸದಸ್ಯರು ಏನು ಹಾಕುತ್ತಾರೆ? ಹಾಲು. ಹಾಗಾದರೆ ಪುಸ್ತಕದ ಸಂಘಕ್ಕೆ? ಪುಸ್ತಕ! ಅಧ್ಯಕ್ಷೆಯ ಮನೆಯಿಂದಲೇ ಒಂದು ಹನಿ ಪುಸ್ತಕ ಹೋಗದಿದ್ದರೆ ಜನ ಏನೆಂದಾರು?

"ಲೇ, ಅದು ಮಾರೋ ಅಂಗ್ಡಿ ಕಣೇ, ತುಂಬ್ಸೋ ಅಂಗ್ಡಿ ಅಲ್ಲ," ಎಂದರು ಯಜಮಾನರು.

"ಎಲ್ಡ್ ವೋಟ್ ತಗಂಡೋರು ನಂಗೆ ಸಂಘದ್ ವಿಚಾರ ಏಳ್ಬ್ಯಾಡಿ!"

ಅಟ್ಟದ ಮೇಲಿನ ಹಳೇ ಪಂಚಾಂಗಗಳು ಇಳಿದವು. ಸತ್ತುಹೋದ ಹಸುವಿನ ಇನ್ಶೂರೆನ್ಸ್ ಪುಸ್ತಕ ಸಿಕ್ಕಿತು. ಹಸು ಹೋದರೇನು, ಪುಸ್ತಕ ಗಟ್ಟಿಯಾಗಿತ್ತು! ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿನ ನನ್ನ ತಮಿಳು ಗೆಳತಿ ಸೆಲ್ವಿ ಮೂಟೆಗಟ್ಟಲೆ ತಮಿಳು ಪಾಠಪುಸ್ತಕ ತಂದು ಸುರಿದಳು. "ಎಲ್ಲಾ ಎತ್ಕೊಂಡ್ ಪೋ ಅಕ್ಕಾ. ನಮ್ ಮನೇಲಿ ಇದನ್ನ ಜಿರಳೆ ಮಾತ್ರ ಓದೋದು!"

ಹಾಲಿನ ಕ್ಯಾನು ತೊಳೆದು ಒಣಗಿಸಿ ಪುಸ್ತಕ ತುಂಬಿದೆ. ಮಿಕ್ಕಿದ್ದಕ್ಕೆ ಬೂಸಾ ಚೀಲ. ಹೊರುವುದಕ್ಕೆ ಯಜಮಾನರು.

ಬಂಗಾರಪೇಟೆಯಲ್ಲಿ ಬಸ್ಸು ಹತ್ತುವಾಗ ಕಂಡಕ್ಟರು, "ಅಜ್ಜೀ, ಹಾಲು ಚೆಲ್ಲೀತು, ಹುಷಾರು!" ಎಂದ.

"ಚೆಲ್ಲಾಕಿಲ್ಲ ಕಣಪ್ಪ, ಗಟ್ಟಿ ಹಾಲು!"

ಅವನು ಮುಚ್ಚಳ ತೆಗೆದು ಇಣುಕಿದ. ಪಂಚಾಂಗ ನೋಡಿದ. ನನ್ನನ್ನು ನೋಡಿದ. ಮೆಲ್ಲನೆ ಮುಚ್ಚಳ ಮುಚ್ಚಿ, ಬಸ್ಸಿನ ಆ ತುದಿಗೆ ಹೋದವನು ನಾವು ಇಳಿಯುವ ತನಕ ಈ ಕಡೆ ಬರಲಿಲ್ಲ!

ನಾವು ತಲುಪುವಷ್ಟರಲ್ಲಿ ಲಾವಣ್ಯ ಮೇಡಂ ಅವರನ್ನು ಕರೆತರಲು ಹೋಗಿದ್ದಳು. ಅಂಗಡಿ ಕಾಯುತ್ತಿದ್ದ ಹುಡುಗಿ, "ಒಳಗೆ ಕೂತ್ಕೊಳ್ಳಿ ಅಜ್ಜಿ," ಎಂದಳು. ನಾನು ಕೂರಲಿಲ್ಲ. ಸುರಿದೆ! ಕ್ಯಾನು ಬೋರಲು, ಚೀಲ ಬೋರಲು. ಗೂಡು ತುಂಬಿ ಬಾಗಿಲವರೆಗೆ ಬಂತು. ನಾನು ರಾಶಿಯ ಹಿಂದೆ ಸಿಕ್ಕಿಕೊಂಡೆ.

ಅದೇ ಹೊತ್ತಿಗೆ ದೊಡ್ಡ ಮೇಡಂ ಬಂದರು. ಹಿಂದೆ ಲಾವಣ್ಯ.

"ಅಜ್ಜೀ... ಇದೇನು?"

"ನಮ್ ಪಾಲಿಂದು ಕಣಮ್ಮಾ. ಆಕ್ಬುಟ್ಟೆ!"

ಲಾವಣ್ಯಳ ಮುಖ ಬಿಳಿಚಿಕೊಂಡಿತು. ಮಾತು ತಿರುಗಿಸಲು ಅವಸರದಿಂದ ಹೇಳಿದಳು: "ಮೇಡಂ, ಇವರು ನಮ್ಮಜ್ಜಿ. ಅಜ್ಜೀ, ನಮ್ ಮೇಡಂ ತುಂಬಾ ದೊಡ್ಡೋರು. ಮೂರು ಡಿಗ್ರಿ ಇದೆ ಅವರಿಗೆ!"

ಮೂರು ಡಿಗ್ರಿಯೇ? ನಮ್ಮ ಸಂಘದಲ್ಲಿ ಹಾಲಿನೊಳಗೆ ಅಳತೆಯ ಕೊಳವೆ ಇಳಿಬಿಟ್ಟು ಡಿಗ್ರಿ ನೋಡುತ್ತಾರೆ. ನೀರು ಹೆಚ್ಚಾದಷ್ಟೂ ಡಿಗ್ರಿ ಕಡಿಮೆ. ನನಗೆ ಮೇಡಂ ಮೇಲೆ ಕನಿಕರ ಉಕ್ಕಿ ಬಂತು.

"ಬರೀ ಮೂರಾ? ಪಾಪ! ನಮ್ಮೂರಾಗೆ ಇಪ್ಪತ್ತಾರಕ್ಕಿಂತ ಕಮ್ಮಿ ಬಂದ್ರೆ ವಾಪಸ್ ಕಳಿಸ್ತಾರೆ. ಮೂರು ಅಂದ್ರೆ ಪೂರ್ತಿ ನೀರೇ ಕಣಮ್ಮಾ! ಇರ್ಲಿ, ನಾಚ್ಕೋಬ್ಯಾಡಿ. ಬೂಸಾ ಚೆನ್ನಾಗ್ ಆಕುದ್ರೆ ಏರ್ತದೆ."

ಯಜಮಾನರು ತಟ್ಟನೆ ನಮಗೂ ತಮಗೂ ಸಂಬಂಧವಿಲ್ಲದವರಂತೆ ಗೋಡೆಯ ಕಡೆ ತಿರುಗಿದರು. ಲಾವಣ್ಯಳ ಕಣ್ಣಲ್ಲಿ ನೀರಾಡಿತು. ದೊಡ್ಡ ರೂಮಿನ ಕನಸು ಒಡೆದ ಹಾಲಾಯಿತು ಎಂದು ನನಗೂ ಆಗ ಹೊಳೆಯಿತು.

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ನಮ್ಮತ್ತೆ ಮನೇಲೂ ಹಸು ಇದಾವಮ್ಮ. ನನ್ನ ಡಿಗ್ರಿ ಬಗ್ಗೆ ಅವರದೂ ಇದೇ ಅಭಿಪ್ರಾಯ!" ಎಂದು ನಕ್ಕು ಒಳಗೆ ಕಾಲಿಟ್ಟರು. ಕಾಲಡಿಯ ಪಂಚಾಂಗ ಜಾರಿತು. ಮೇಡಂ ಬಾಗಿಲು ಹಿಡಿದುಕೊಂಡು ಬೀಳದೆ ಉಳಿದರು.

"ಇಷ್ಟೊಂದು ಸ್ಟಾಕಾ? ಕಾಲಿಡೋಕೂ ಜಾಗ ಇಲ್ವಲ್ಲಮ್ಮ ಲಾವಣ್ಯ! ಈ ಗೂಡಲ್ಲಿ ಅಂಗಡಿ ನಡೆಯೋದುಂಟಾ? ಬಂದು ದೊಡ್ಡ ರೂಮಿನ ಬೀಗದ ಕೈ ತಗೊಂಡ್ಹೋಗಿ."

ನಾನು ಸುಳ್ಳು ಸಹಿಸುವವಳಲ್ಲ. "ಅಯ್ಯೋ, ಇದು ಸ್ಟಾಕಲ್ಲ ಮೇಡಮ್ಮೋರೇ, ನಮ್ಮನೆ ಅಟ್ಟದ..." ಎನ್ನುವಷ್ಟರಲ್ಲಿ ಲಾವಣ್ಯ ರಾಶಿ ದಾಟಿ ಬಂದು ನನ್ನ ಕಾಲು ತುಳಿದಳು. ಸೀಮೆಹಸು ತುಳಿದರೂ ಅಷ್ಟು ನೋವಾಗದು!

ಮೇಡಂ ಹೋದ ಮೇಲೆ ಒಂದೇ ಕೇಕೆ. ಲಾವಣ್ಯ ನನ್ನನ್ನು ಎತ್ತಿ ತಿರುಗಿಸಿದಳು. ನನ್ನ ಕಾಲು ನೆಲಕ್ಕೆ ತಾಗಿದರೂ ಮನಸ್ಸು ಇಳಿಯಲಿಲ್ಲ. ರೂಮು ಕೊಡಿಸಿದ್ದು ಯಾರು? ನಾನು!

ಸಂಘದ ಹುಡುಗರೆಲ್ಲ ಬಂದು ಅಲ್ಲೇ ಸಭೆ ಸೇರಿದರು. ಅಧ್ಯಕ್ಷೆ ಗಂಭೀರವಾಗಿ ಏನೋ ಠರಾವು ಓದಿದಳು. ಅವಳ ಗತ್ತನ್ನು ನೋಡುತ್ತಾ ನನಗೆ ಒಂದಕ್ಷರವೂ ತಲೆಗೆ ಹೋಗಲಿಲ್ಲ. ಎಲ್ಲರೂ ಕೈ ಎತ್ತಿದರು. ಸಂಘದ ಶಿಸ್ತು ನನಗೆ ಗೊತ್ತಿಲ್ಲವೇ? ನಾನೂ ಎತ್ತಿದೆ, ಎಲ್ಲರಿಗಿಂತ ಎತ್ತರಕ್ಕೆ!

"ಏನ್ ಪಾಸಾಯ್ತು?" ಎಂದು ಯಜಮಾನರ ಕಿವಿಯಲ್ಲಿ ಕೇಳಿದೆ.

ಬೆಳಗಿನಿಂದ ಕ್ಯಾನು ಹೊತ್ತು ಬಳಲಿದ್ದ ಮುಖ ಆಗ ಅರಳಿತು.

"ಸದಸ್ಯರ ಅಜ್ಜೀರು ಅಂಗ್ಡೀಗೆ ಬಂದ್ರೆ ಕುಂತ್ಕಂಡು ಟೀ ಕುಡೀತಕ್ಕದ್ದು, ಬಾಯಿ ಬಿಡತಕ್ಕದ್ದಲ್ಲ. ಸರ್ವಾನುಮತ ಕಣೇ!"