ಕಸದ ಚಿತ್ರಕಾರನಿಗೆ ವರಪರೀಕ್ಷೆ

ಯಾರಾದರೂ ಹೊಗಳಿದರೆ ಅಷ್ಟಕ್ಕೇ ತೃಪ್ತಿಪಟ್ಟು ಸುಮ್ಮನಿರುವ ಜಾಯಮಾನ ನನ್ನದಲ್ಲ. ಇನ್ನಷ್ಟು ಹೊಗಳಲಿ ಎಂದು ಹೋದಲ್ಲೆಲ್ಲ ನನ್ನ ಚಿತ್ರಗಳ ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೋಗುತ್ತಿದ್ದೆ. ಹೆಣ್ಣು ನೋಡಲು ಹೋದಾಗಲೂ! ಆಗ ನಿಜಾಮರ ಕಾಲ. ಚಿತ್ತಾಪುರದ ಶಾಲೆಯಲ್ಲಿ ಉರ್ದುವಿನಲ್ಲಿ ಲೆಕ್ಕ ಕಲಿಸುತ್ತಿದ್ದ ನನಗೆ ಸಂಜೆಯಾದರೆ ಜಲವರ್ಣದ ಹುಚ್ಚು. ಗುಲಾಬಿ, ಕಮಲ ಬರೆಯೋಣವೆಂದರೆ ನಮ್ಮ ಓಣಿಯಲ್ಲಿ ಅವು ಇರಬೇಕಲ್ಲ? ಬೇಲಿ ಬುಡದ ತುಂಬೆ, ನೆಗ್ಗಿಲು, ಉತ್ತರಾಣಿಯಂಥ ಕಳೆಗಳನ್ನೇ, ನಮ್ಮ ಕಡೆಯ ಮಾತಲ್ಲಿ ಕಸವನ್ನೇ, ಬರೆಯುತ್ತಿದ್ದೆ. ತುಂಬೆಯಂತೂ ಭಾರಿ ಸಲೀಸು. ಸುತ್ತ ಹಸಿರು ಬಳಿದು ಕಾಗದವನ್ನು ಹಾಗೇ ಬಿಟ್ಟರೆ ಅದೇ ಬಿಳಿ ಹೂ.

ಹೆಣ್ಣು ನೋಡಲು ಹೋದ ತೆಂಗಳಿ ಊರಿನ ಮನೆಯಲ್ಲಿ ಹುಡುಗಿಯನ್ನು ಕಂಡ ಗಳಿಗೆಯಲ್ಲೇ ಸೋತುಹೋದೆ. ಮದುವೆಯಾದರೆ ಇವಳನ್ನೇ! ಆದರೆ ಅವಳಪ್ಪ ಅಪ್ಪಟ ಒಕ್ಕಲುತನದವರು. "ಮಣ್ಣಿನ ಗುರುತಿಲ್ಲದವಗ ಮಗಳ್ನ ಕೊಡಂಗಿಲ್ಲ" ಎಂದು ಮೊದಲೇ ಹೇಳಿಬಿಟ್ಟಿದ್ದರು. ಗಾಬರಿಯಲ್ಲಿ ಸುರುಳಿ ಬಿಚ್ಚಿದೆ. ಅವರು ಒಂದೊಂದೇ ಚಿತ್ರ ನೋಡುತ್ತ ಮೀಸೆಯಲ್ಲೇ ನಕ್ಕರು.

"ಭಪ್ಪರೆ ಮಾಸ್ತರ! ನಮ್ಮ ಹೊಲದಾಗಿನ ಕಸ ಎಲ್ಲಾ ಇಲ್ಲೇ ಅದಲ್ರಿ! ಕಸದ ಗುರುತು ನಿಮಗ ಭಾಳ ಚಲೋ ಅದ. ತೊಗರ್ಯಾಗ ಕಸ ತಗ್ಯಾಕತ್ತೀವಿ, ಬರ್ರಿ, ನಿಮ್ಮ ಕೈನೂ ನೋಡೂಣು."

ಕೈಗೊಂದು ಕಸ ಕೀಳುವ ಕುರ್ಪಿ ಕೊಟ್ಟು ಹೊಲಕ್ಕಿಳಿಸಿಯೇ ಬಿಟ್ಟರು. ನನಗೆ ಕಸದ ಗುರುತಿದ್ದದ್ದು ಹೂವಿನಿಂದ. ಇಲ್ಲಿ ನೋಡಿದರೆ ಒಂದಕ್ಕೂ ಹೂವಿಲ್ಲ, ಎಲ್ಲವೂ ಎಳೆ ಸಸಿ! ಸಾಲಾಗಿ ನಿಂತದ್ದು ಬೆಳೆ ಎನ್ನುವಷ್ಟು ಬುದ್ಧಿಯೂ ಆ ಹೊತ್ತಿಗೆ ಓಡಲಿಲ್ಲ. ಕಣ್ಣಿಗೆ ಚೆಂದ ಕಂಡದ್ದನ್ನು ಬಿಟ್ಟೆ, ಉಳಿದದ್ದನ್ನು ಕಿತ್ತೆ. ಅಷ್ಟರಲ್ಲಿ ಆಳುಗಳಿಗೆ ಮಜ್ಜಿಗೆ ತಂದಿದ್ದ ಹುಡುಗಿ ನನ್ನ ಹಿಂದೆ ನಿಂತು, "ಅಯ್ಯ ಶಿವನೇ! ಕಸ ಬಿಟ್ಟು ತೊಗರಿ ಕಿತ್ತೀರಲ್ರಿ!" ಎಂದಳು.

ಅವಳಪ್ಪ ಆಚೆ ಬದುವಿನಲ್ಲಿ ಯಾರೊಂದಿಗೋ ಮಾತಾಡುತ್ತಿದ್ದರು. ಇವರ ಮಗಳು ನನ್ನ ಕೈತಪ್ಪಿದಳು ಎಂದುಕೊಂಡೆ. ಹುಡುಗಿ ಮಜ್ಜಿಗೆ ಗಡಿಗೆ ಇಳಿಸಿ, ಕಿತ್ತ ಸಸಿಗಳನ್ನು ಒಂದೊಂದಾಗಿ ಹಸಿ ಮಣ್ಣಿಗೆ ಚುಚ್ಚತೊಡಗಿದಳು. "ಬಾಯಿ ತಕ್ಕೊಂಡು ನಿಲ್ಲಬ್ಯಾಡ್ರಿ. ನಾ ತೋರ್ಸಿದ್ದಷ್ಟ ಕೀಳ್ರಿ" ಎಂದು ಗದರಿಸಿದಳು. ಅಪ್ಪ ಬರುವ ಹೊತ್ತಿಗೆ ಸಾಲು ಲಕ್ಷಣವಾಗಿ ನಿಂತಿತ್ತು. ಅಂದು ಸಂಜೆಯೇ ಸಕ್ಕರೆ ಹಂಚಿ ಮಾತು ಕೊಟ್ಟರು. ತೊಗರಿ ಬಾಡಿದ್ದು ಮರುದಿನ.

ನಿಜಾಮರ ಕಾಲ ಹೋಯಿತು, ಮಾವನವರೂ ಹೋದರು. ಮೊನ್ನೆ ಅಂಗಳದಲ್ಲಿ ಕಟ್ಟೆಯಂಚಿಗೆ ಕೂತು ತುಂಬೆ ಬರೆಯುತ್ತಿದ್ದೆ. ಹೆಂಡತಿ ಅದೇ ಅಂಗಳದ ಕಸ ತೆಗೆಯುತ್ತಿದ್ದಳು. ಅಂದು ನನ್ನ ಮಾನ ಉಳಿಸಿದೆಯಲ್ಲ, ಯಾಕೆ ಎಂದು ಕೇಳಿದೆ. 'ನಿಮ್ಮ ಚಿತ್ರ ಮೆಚ್ಚಿ' ಎನ್ನುತ್ತಾಳೆಂಬ ಆಸೆ!

ಅವಳು ತಲೆ ಎತ್ತಲಿಲ್ಲ. "ಚಂದಾಪುರದ ಸಾವ್ಕಾರ್ರ ಮನಿ ಹುಡುಗನೂ ನನ್ನ ಕೇಳಾಕ ಬಂದಿದ್ದ. ನಾನೇ ಒಲ್ಲೆ ಅಂದೆ. ಬೆಳಿ ಕಿತ್ತು ಕಸ ಇಟ್ಕೊಂಡವರು ನೀವೊಬ್ರೇ ಏನು?"

ಅಷ್ಟರಲ್ಲಿ ಅವಳ ಕುರ್ಪಿ ನನ್ನ ಪಾದದ ಹತ್ತಿರ ಬಂದಿತ್ತು. ಎರಡೂ ಕಾಲು ಮೇಲೆತ್ತಿಕೊಂಡು ಕಟ್ಟೆಯ ಮೇಲೆ ಕೂತೆ.