ಸೀಬ್ ತೀರದ ಐದು ತೂತುಕಾಸು

ತಪ್ಪನ್ನು ಕಂಡೂ ಸುಮ್ಮನಿರುವವನು ಆ ತಪ್ಪಿನಲ್ಲಿ ಪಾಲುದಾರ ಎಂದು ನಂಬಿದವನು ನಾನು. ನಾನು ಓದಿದ ಶಾಲೆಯಲ್ಲಿ ಬೆತ್ತವಿರಲಿಲ್ಲ, ರ‍್ಯಾಂಕ್ ಇರಲಿಲ್ಲ, ಬೆಳಗಿನ ಪ್ರಾರ್ಥನೆಯ ಬದಲಿಗೆ ಚರ್ಚೆ ಇತ್ತು. ಆ ಚರ್ಚೆ ನನ್ನ ಮಟ್ಟಿಗೆ ಇನ್ನೂ ಮುಗಿದಿಲ್ಲ. ಇಲ್ಲಿ ಗಲ್ಫಿನಲ್ಲಿ, ಘಾಲಾದ ನಮ್ಮ ಕಚೇರಿಯಲ್ಲಿ ಚಹಾ ತಂದುಕೊಡುವವರನ್ನು ಹೆಸರಿನಿಂದ ಕರೆಯದೆ ‘ಏಯ್’ ಎನ್ನುವುದು ತಪ್ಪು. ಸುಡುಬಿಸಿಲಿನಲ್ಲಿ ಗೋದಾಮಿನವರಿಂದ ಲಾರಿ ಖಾಲಿ ಮಾಡಿಸುವುದು ತಪ್ಪು. ನಮ್ಮ ಕರಾವಳಿಯವರ ಪಿಕ್ನಿಕ್ಕಿನಲ್ಲಿ ಗಂಡಸರು ವಾಲಿಬಾಲ್ ಆಡುತ್ತಿರುವಾಗ ಹೆಂಗಸರು ಬಿರಿಯಾನಿ ಬಡಿಸುತ್ತಿರುವುದು ತಪ್ಪು. ಇವೆಲ್ಲವನ್ನೂ ಸಂಬಂಧಪಟ್ಟವರ ಮುಖಕ್ಕೇ ಹೇಳಿದ್ದೇನೆ. ಮೂರನೆಯದನ್ನು ಹೇಳಿದ ದಿನದಿಂದ ಬಿರಿಯಾನಿಯ ಹಂಡೆ ಹೊರುವ ಹೊಣೆ ನನ್ನದಾಗಿದೆ. ಹೇಳಿದ್ದಕ್ಕೆ ನನಗೆ ವಿಷಾದವಿಲ್ಲ. ಬೆನ್ನಿಗೆ ಸ್ವಲ್ಪ ಇದೆ.

ಇಂಥ ನನ್ನ ಕೈಗೆ ಲೋಹಶೋಧಕ ಯಂತ್ರ ಬಂದದ್ದು, ಗಲ್ಫಿನಲ್ಲಿ ಎಲ್ಲರ ಮನೆಗೂ ಎಲ್ಲವೂ ಬರುವ ಹಾಗೆ, ಕಾಯಂ ಊರಿಗೆ ಹೊರಟ ಸಹೋದ್ಯೋಗಿಯೊಬ್ಬರಿಂದ. ಫ್ರಿಜ್ಜು, ಮಂಚಗಳನ್ನು ಬೇರೆಯವರು ಒಯ್ದಾಗಿತ್ತು. ಉಳಿದದ್ದು ಈ ಉದ್ದ ಕೋಲು, ಅದರ ತುದಿಯ ತಟ್ಟೆ. “ಮನೆಯಲ್ಲಿ ಮಿಕ್ಸಿ ಹಾಳಾಗಿ ಮೂರು ತಿಂಗಳಾಯ್ತು, ನೀವು ಬಾಂಡಲೆಗೆ ಹಿಡಿ ಸಿಕ್ಕಿಸಿದ್ದನ್ನು ತಂದಿದ್ದೀರಿ” ಎಂದಳು ನನ್ನ ಹೆಂಡತಿ ಶಾಲಿನಿ. ನಾನು ಉದ್ದೇಶವನ್ನು ವಿವರಿಸಿದೆ. ಈ ನೆಲದಲ್ಲಿ ಸಿಗುವ ಹಳೆಯ ವಸ್ತುಗಳೆಲ್ಲ ಈ ನಾಡಿನ ಜನರ ಸ್ವತ್ತು. ಅವನ್ನು ಹುಡುಕಿ ಜೇಬಿಗಿಳಿಸುವುದು ಕಳ್ಳತನ. ನಾನು ಯಂತ್ರ ಹಿಡಿಯುವುದು ಕಡಲ ತೀರದ ಕಸವನ್ನು, ಅಂದರೆ ಡಬ್ಬಿಗಳನ್ನೂ ಬಾಟಲಿಯ ಮುಚ್ಚಳಗಳನ್ನೂ ಹೆಕ್ಕುವುದಕ್ಕೆ ಮಾತ್ರ. ಅಕಸ್ಮಾತ್ ಪುರಾತನವಾದದ್ದೇನಾದರೂ ಸಿಕ್ಕರೆ ಇಲ್ಲಿನ ಪುರಾತತ್ವ ಇಲಾಖೆಗೆ ಒಪ್ಪಿಸುವುದು. ಅಕಸ್ಮಾತ್ ಎಂಬ ಪದವನ್ನು ಉಚ್ಚರಿಸುವಾಗ ನನ್ನ ದನಿ ಸ್ವಲ್ಪ ನಡುಗಿತೆಂದು ಶಾಲಿನಿ ಈಗಲೂ ಹೇಳುತ್ತಾಳೆ.

ಎರಡು ಶುಕ್ರವಾರ ಮುಚ್ಚಳಗಳು ಸಿಕ್ಕವು. ಮೂರನೆಯ ಶುಕ್ರವಾರ ಸೀಬ್ ತೀರದ ಒಂದು ಮೂಲೆಯಲ್ಲಿ, ನೀರು ಇಳಿದ ಒದ್ದೆ ಮರಳಿನಲ್ಲಿ ಯಂತ್ರ ಕುಂಯ್ ಎಂದಿತು. ನಡುವೆ ದೊಡ್ಡ ತೂತಿರುವ ತಾಮ್ರದ ಕಾಸು! ನಮ್ಮ ಅಜ್ಜಂದಿರ ಕಾಲದ ಹಿಂದುಸ್ತಾನದ ನಾಣ್ಯ. ಮುಂದಿನ ಶುಕ್ರವಾರ ಅದೇ ಹತ್ತು ಹೆಜ್ಜೆಯ ಒಳಗೆ ಇನ್ನೊಂದು. ಹೀಗೆ ಐದು ವಾರದಲ್ಲಿ ಐದು. ಒಂದು ಕಾಲದಲ್ಲಿ ಈ ನಾಡಿನಲ್ಲೂ ನಮ್ಮ ನಾಣ್ಯಗಳೇ ಚಲಾವಣೆಯಲ್ಲಿದ್ದವು ಎಂಬುದು ನನಗೆ ತಿಳಿದಿತ್ತು. ಉಳಿದದ್ದನ್ನು ನಾನೇ ಊಹಿಸಿಕೊಂಡೆ: ಮಂಗಳೂರಿನ ಹೆಂಚು, ಅಕ್ಕಿ ಹೇರಿಕೊಂಡು ಬಂದ ಹಾಯಿಹಡಗೊಂದು ಇಲ್ಲಿಯೇ ಮುಳುಗಿರಬೇಕು, ಅದರಲ್ಲಿದ್ದ ಬಡ ಖಲಾಸಿಗಳ ಹೆಸರನ್ನು ಯಾವ ಇತಿಹಾಸವೂ ಬರೆದಿಲ್ಲ, ಇದೂ ಒಂದು ಅನ್ಯಾಯ. ಇಷ್ಟು ವರ್ಷ ಉಪ್ಪುನೀರಿನಲ್ಲಿದ್ದರೂ ಕಾಸುಗಳು ಫಳಫಳ ಹೊಳೆಯುತ್ತಿದ್ದುದನ್ನು ಹಿಂದಿನವರ ಲೋಹವಿದ್ಯೆಗೆ ಸಾಕ್ಷಿಯೆಂದು ಬರೆದುಕೊಂಡೆ. ಇಲಾಖೆಗೆ ನಾಲ್ಕು ಪುಟದ ಪತ್ರ ಸಿದ್ಧವಾಯಿತು.

ಅದನ್ನು ಕಳುಹಿಸುವ ಮುನ್ನ ಐದೂ ಕಾಸುಗಳನ್ನು ಬಿಳಿಯ ಬಟ್ಟೆಯ ಮೇಲಿಟ್ಟು, ಚೀಟಿ ಅಂಟಿಸಿ, ಅಲ್ ಮವಾಲೇಹ್‌ನ ನಮ್ಮ ಮನೆಯ ಊಟದ ಮೇಜಿನ ಮೇಲೆ ಜೋಡಿಸಿದೆ. ಅಂದು ಸಂಜೆ ಎದುರುಮನೆಯ ಜಲಜಕ್ಕ ನಮ್ಮ ಫ್ಲಾಸ್ಕ್ ಕೇಳಲು ಬಂದರು. ಅವರ ಗಂಡ ಸದಾನಂದಣ್ಣ ಬೌಷರ್‌ನ ಆಸ್ಪತ್ರೆಯಲ್ಲಿದ್ದರು. ಭಾನುವಾರ ಹೃದಯದ ಶಸ್ತ್ರಚಿಕಿತ್ಸೆ. ಮನಸ್ಸು ಹಗುರಾಗಲೆಂದು ನಾನೇ ಅವರನ್ನು ಮೇಜಿನ ಬಳಿಗೆ ಕರೆದೆ. ಜಲಜಕ್ಕ ಬಗ್ಗಿ ನೋಡಿದರು, ಅಲ್ಲಿಯೇ ಕುರ್ಚಿಯಲ್ಲಿ ಕುಸಿದರು.

“ವಾಪಸು ಬಂತಾ? ಐದೂ ವಾಪಸು ಬಂತಾ?”

“ಎಂತದು ಜಲಜಕ್ಕ?” ಎಂದಳು ಶಾಲಿನಿ.

“ನಂದು ಶಾಲಿನಿ, ಇದು ನಂದೇ. ಅತ್ತೆಯ ಪೆಟ್ಟಿಗೆಯಲ್ಲಿದ್ದ ಒಟ್ಟೆ ಕಾಸು. ಇವರಿಗೆ ಆಪರೇಷನ್ ಅಂತ ಡಾಕ್ಟ್ರು ಹೇಳಿದ ದಿನವೇ ಹರಕೆ ಹೇಳಿಕೊಂಡದ್ದು, ಏಳು ಶುಕ್ರವಾರ ಏಳು ಕಾಸು. ಊರಿಗೆ ಹೋಗಿ ದೇವರಿಗೆ ಒಪ್ಪಿಸ್ಲಿಕ್ಕೆ ರಜೆ ಎಲ್ಲುಂಟು? ಇದೇ ನೀರು ಮಲ್ಪೆಗೂ ಹೋಗ್ತದಲ್ವಾ ಅಂತ, ಬೆಳಗ್ಗೆ ಬೇಗ ಹೋಗಿ ಕಡಲಿಗೆ ಹಾಕಿ ಬರ್ತಿದ್ದೆ. ಹುಣಸೆಹುಳಿ ಹಾಕಿ ತಿಕ್ಕಿ ಕೊಂಡುಹೋದದ್ದು. ಇವತ್ತು ಏಳನೆಯದು.” ಅವರ ಕಣ್ಣು ತುಂಬಿತು. “ಕಡಲು ತೆಗೊಳ್ಲಿಲ್ಲ ಅಲ್ವಾ? ಇವರನ್ನು ಉಳಿಸುವುದಿಲ್ಲ ಅಂತಲೇ ಅದರರ್ಥ?”

ಹರಕೆಯ ವಿರುದ್ಧ ನನ್ನ ಬಳಿ ಮುಕ್ಕಾಲು ಗಂಟೆಯ ಭಾಷಣವೊಂದು ಸದಾ ಸಿದ್ಧವಿರುತ್ತದೆ. ಆ ಕ್ಷಣ ಅದರ ಮೊದಲ ವಾಕ್ಯವೂ ನೆನಪಾಗಲಿಲ್ಲ. ಲೋಕದ ತಪ್ಪುಗಳಿಗೆಲ್ಲ ಹೆಸರಿಟ್ಟ ನನಗೆ ನನ್ನದೊಂದು ತಪ್ಪಿಗೆ ಹೆಸರಿಡಲು ಎರಡು ಸಲ ಮಾತು ಶುರುಮಾಡಬೇಕಾಯಿತು.

“ಕಡಲು ತೆಗೆದುಕೊಂಡಿತ್ತು ಜಲಜಕ್ಕ. ಕದ್ದವನು ನಾನು. ಮೆಷಿನ್ ಇಟ್ಟು ಅಗೆದು ತೆಗೆದದ್ದು.”

ಅವರು ನನ್ನನ್ನೇ ನೋಡಿದರು. “ನೀವಾ? ದಿನೇಶಣ್ಣ, ಎಂತ ಮಾರಾಯ್ರೆ ನೀವು! ದೇವರಿಗೆ ಕೊಟ್ಟದ್ದನ್ನು ಹೆಕ್ಕಿ ಚೀಟಿ ಅಂಟಿಸಿದ್ದಾ?” ಬೈಗುಳವಾದರೂ ಅದರಲ್ಲಿ ಉಸಿರು ಮರಳಿತ್ತು. ಕಡಲು ಒಲ್ಲೆ ಎಂದಿಲ್ಲ, ನೆರೆಮನೆಯವನು ಮೂರ್ಖ, ಅಷ್ಟೆ ಎಂಬುದು ಅವರಿಗೆ ದೊಡ್ಡ ಸಮಾಧಾನವಾಗಿತ್ತು.

ಸೂರ್ಯ ಮುಳುಗುವ ಮೊದಲೇ ಮೂವರೂ ಸೀಬ್ ತೀರದಲ್ಲಿದ್ದೆವು. ತಾಮ್ರ ಜಲಚರಗಳಿಗೆ ಒಳ್ಳೆಯದಲ್ಲವೆಂಬ ಒಂದು ಮಾತನ್ನು ಮಾತ್ರ ನಾನು ಹೇಳಿದೆ. “ಮೀನಿನ ಚಿಂತೆ ಆಮೇಲೆ, ಯಲ್ಲಾ, ಬೇಗ ಹಾಕಿ” ಎಂದರು ಜಲಜಕ್ಕ. ನಾನು ಎಸೆದ ಮೊದಲ ಕಾಸು ಐದು ಮಾರು ದೂರದಲ್ಲಿ ಬಿತ್ತು. “ಅಲ್ಲಿ ಹಾಕಿದ್ರೆ ನಾಳೆ ನೀವೇ ಪುನಃ ಹೆಕ್ಕುತ್ತೀರಿ!” ಎಂದು ಅವರು ಗದರಿದರು. ಆಗ ಪ್ಯಾಂಟು, ಶರ್ಟು, ಕೈಗಡಿಯಾರ ಸಮೇತ ಎದೆಮಟ್ಟದ ನೀರಿಗಿಳಿದು, ಮುಳುಗಿ ಹುಡುಕಿ ಅದನ್ನೂ ಸೇರಿಸಿಕೊಂಡು, ಐದನ್ನೂ ಎಸೆದೆ. ನನ್ನ ಒದ್ದೆ ಬಟ್ಟೆಯಿಂದ ಕಾರಿನ ಸೀಟನ್ನು ಕಾಪಾಡಲು ಶಾಲಿನಿ ಇಲಾಖೆಗೆ ಬರೆದ ಪತ್ರವನ್ನು ಅದರ ಮೇಲೆ ಹಾಸಿದಳು.

ಸದಾನಂದಣ್ಣ ಈಗ ಚೆನ್ನಾಗಿದ್ದಾರೆ. ಮೊನ್ನೆ ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬಂದು ನೀರುದೋಸೆ ತಿಂದರು. ಜಲಜಕ್ಕ ಎಲ್ಲರೆದುರು ಹರಕೆಯ ಮಹಿಮೆ ಹೇಳುವಾಗ, ಶ್ರೇಯಸ್ಸು ವೈದ್ಯರಿಗೂ ರಾತ್ರಿಯಿಡೀ ನಿಂತ ದಾದಿಯರಿಗೂ ಸಲ್ಲಬೇಕೆಂದು ನಾನು ತಿದ್ದುತ್ತೇನೆ. ಅವರು ಒಪ್ಪುತ್ತಾರೆ, ಮತ್ತೆ ಹರಕೆಯ ಕಥೆಯನ್ನು ಮುಂದುವರಿಸುತ್ತಾರೆ.

ಈಗಲೂ ಪ್ರತಿ ಶುಕ್ರವಾರ ಯಂತ್ರ ಹೊತ್ತು ಆ ಮೂಲೆಗೆ ಹೋಗುತ್ತೇನೆ. ಹುಡುಕುವುದಕ್ಕಲ್ಲ, ಯಾವುದಾದರೂ ಕಾಸು ಮರಳಿ ದಡ ಸೇರಿದೆಯೇ ಎಂದು ಖಚಿತಪಡಿಸಿಕೊಳ್ಳುವುದಕ್ಕೆ. ಕಳೆದ ವಾರ ಒಂದು ಸೇರಿತ್ತು. ಅತ್ತಿತ್ತ ನೋಡಿ, ಸೊಂಟದವರೆಗೆ ನೀರಿಗಿಳಿದು, ತೋಳು ನೋಯುವಂತೆ ಬೀಸಿ ಎಸೆದು ತಿರುಗಿದರೆ ದಡದಲ್ಲಿ ಶಾಲಿನಿ.

“ಈಗ ಕೈ ಮುಗಿದದ್ದು ಯಾರಿಗೆ?”

“ಮುಗಿಯಲಿಲ್ಲ, ಮರಳು ಕೊಡವಿದ್ದು” ಎಂದೆ.

“ಕಣ್ಣು ಮುಚ್ಚಿಕೊಂಡಾ?”